ರಾಟೆಯಿಲ್ಲದ ಗಾಳ

ಒಂದು ಉದ್ದನೆಯ ಕೋಲು, ಕೋಲಿನ ತುದಿಗೆ ಕಟ್ಟಿದ ದಾರ, ದಾರದ ತುದಿಯಲ್ಲೊಂದು ಕೊಕ್ಕೆ. ಗಾಳ ಹಾಕುವವನ ಸಾಮಗ್ರಿ ಮೂಲದಲ್ಲಿ ಇಷ್ಟೇ. ನಮ್ಮ ಮಲೆನಾಡಿನ ಹಳ್ಳಗಳ ದಡದಲ್ಲಿ ಕುಳಿತ ಹುಡುಗರ ಕೈಯಲ್ಲಿ ಇಂದಿಗೂ ಕಾಣುವುದು ಇದೇ. ಪಶ್ಚಿಮ ದೇಶಗಳಲ್ಲಿ ಕೋಲಿನ ಬುಡಕ್ಕೆ ದಾರ ಸುತ್ತುವ ರಾಟೆಯೊಂದು ಬಂದು ಸೇರಿತು. ಮೀನು ರಭಸದಿಂದ ಓಡಿದರೆ ರಾಟೆಯಿಂದ ದಾರವನ್ನು ಬಿಟ್ಟುಕೊಡಬಹುದು. ಅದು ದಣಿದ ಮೇಲೆ ಸುತ್ತಿಕೊಳ್ಳಬಹುದು. ಜಪಾನಿನಲ್ಲಿಯೂ ಇಂದು ರಾಟೆಯ ಗಾಳಗಳಿಗೆ ಕೊರತೆಯಿಲ್ಲ. ಆದರೂ ಅಲ್ಲಿ ದಾರವನ್ನು ಕೋಲಿನ ತುದಿಗೇ ಕಟ್ಟಿಬಿಡುವ ಹಳೆಯ ಪದ್ಧತಿಗಳು ನಾಲ್ಕಾರು ಉಳಿದುಕೊಂಡು, ಪ್ರತಿಯೊಂದೂ ತನ್ನದೇ ಆದ ಶಾಸ್ತ್ರವೆನ್ನುವಷ್ಟು ಸೂಕ್ಷ್ಮವಾಗಿ ಬೆಳೆದಿದೆ.

ರಾಟೆಯ ಅರಿವಿಲ್ಲದೆ ಹೀಗಾಯಿತೆಂದು ಹೇಳುವಂತಿಲ್ಲ. ಚೀನಾದ ಚಿತ್ರಕಾರ ಮಾ ಯುವಾನ್ ಸುಮಾರು 1195ರಲ್ಲಿ ರಚಿಸಿದನೆನ್ನುವ ಒಂದು ಚಿತ್ರವುಂಟು. ಚಳಿಗಾಲದ ವಿಶಾಲವಾದ ನೀರು, ಅದರ ನಡುವೆ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಗಾಳ ಹಿಡಿದು ಬಾಗಿ ಕುಳಿತ ಒಬ್ಬನೇ ಮನುಷ್ಯ. ಅವನ ಕೋಲಿನಲ್ಲಿ ರಾಟೆ ಸ್ಪಷ್ಟವಾಗಿ ಕಾಣುತ್ತದೆ. ಆ ಚಿತ್ರ ಈಗಿರುವುದು ಟೋಕಿಯೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಯೇ! ನಾವು ಭೌತಶಾಸ್ತ್ರವನ್ನು ಬೋಧಿಸುವವರು. ಮೀನು ಹಿಡಿಯುವುದರಲ್ಲಿ ನಮಗೆ ಹೇಳಿಕೊಳ್ಳುವಂಥ ಪರಿಣತಿಯಿಲ್ಲ. ಆದರೆ ಒಂದು ಪ್ರಶ್ನೆ ಭೌತಶಾಸ್ತ್ರದ ಎಲ್ಲೆಯೊಳಗೆ ಬರುತ್ತದೆ. ದಾರವನ್ನು ಬಿಟ್ಟುಕೊಡುವ ಉಪಾಯವೇ ಇಲ್ಲದಿರುವಾಗ, ಕೂದಲಿನಂಥ ಎಳೆಯು ಮೈತುಂಬ ಸ್ನಾಯುವಿರುವ ಮೀನನ್ನು ಹೇಗೆ ತಡೆದು ನಿಲ್ಲಿಸುತ್ತದೆ?

ಸ್ವಲ್ಪ ಲೆಕ್ಕ ಮಾಡೋಣ. ಮೀನಿನ ತೂಕ 300 ಗ್ರಾಂ ಎಂದೂ ಅದು ಕ್ಷಣಕ್ಕೆ 2 ಮೀಟರ್ ವೇಗದಿಂದ ಓಡುತ್ತಿದೆಯೆಂದೂ ಇಟ್ಟುಕೊಳ್ಳಿ. ಅದರ ಚಲನಶಕ್ತಿ 0.6 ಜೂಲ್ ಆಗುತ್ತದೆ. ಮೀನನ್ನು ನಿಲ್ಲಿಸಬೇಕಾದರೆ ಈ ಶಕ್ತಿಯನ್ನೆಲ್ಲ ಯಾವುದಾದರೊಂದು ವಸ್ತು ನುಂಗಿಕೊಳ್ಳಬೇಕು. ಕೋಲು ಕಬ್ಬಿಣದ ಸಲಾಕೆಯಂತೆ ಬಾಗದೆ ನಿಂತಿತೆನ್ನಿ. ಆಗ ದಾರದ ಹಿಗ್ಗುವಿಕೆಯೊಂದೇ ಗತಿ. ದಾರ 3 ಸೆಂಟಿಮೀಟರ್ ಹಿಗ್ಗುವಷ್ಟರಲ್ಲಿ ಮೀನು ನಿಂತರೆ, ಕೊನೆಯ ಗಳಿಗೆಯಲ್ಲಿ ದಾರದ ಮೇಲೆ ಬೀಳುವ ಸೆಳೆತ 40 ನ್ಯೂಟನ್, ಎಂದರೆ ಸುಮಾರು 4 ಕಿಲೋಗ್ರಾಂ ತೂಕ ನೇತುಹಾಕಿದಂತೆ. 0.15 ಮಿಲಿಮೀಟರ್ ದಪ್ಪದ ನೈಲಾನ್ ಎಳೆ ಒಂದೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿಯೇ ಹರಿದುಹೋಗುತ್ತದೆ. ಈಗ ಕೋಲು ಬಾಗುವಂಥದೆನ್ನೋಣ. ಅದರ ತುದಿ 60 ಸೆಂಟಿಮೀಟರ್ ದೂರ ಮಣಿದುಕೊಟ್ಟರೆ ಅದೇ ಮೀನನ್ನು ನಿಲ್ಲಿಸಲು ಬೇಕಾಗುವ ಅತಿ ಹೆಚ್ಚಿನ ಸೆಳೆತ ಕೇವಲ 2 ನ್ಯೂಟನ್, ಸುಮಾರು 200 ಗ್ರಾಂ ತೂಕಕ್ಕೆ ಸಮ. ಮೀನೂ ಅದೇ, ದಾರವೂ ಅದೇ. ನಿಲ್ಲಲು ದೊರೆತ ದೂರ ಇಪ್ಪತ್ತು ಪಾಲು ಹೆಚ್ಚಿದುದರಿಂದ ಬಲ ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯಿತು. ರಾಟೆಯ ಕೆಲಸವನ್ನು ಕೋಲಿನ ಬಾಗು ಮಾಡಿತು.

ಆದರೆ ಈ ರಕ್ಷಣೆಗೊಂದು ಷರತ್ತುಂಟು. ದಾರವು ಕೋಲಿಗೆ ಅಡ್ಡಲಾಗಿ ಎಳೆದರೆ ಮಾತ್ರ ಕೋಲು ಬಾಗುತ್ತದೆ. ಮೀನು ನೇರವಾಗಿ ದೂರಕ್ಕೆ ಓಡಿ, ಕೋಲನ್ನೂ ದಾರವನ್ನೂ ಒಂದೇ ಸರಳರೇಖೆಗೆ ತಂದಿತೆಂದರೆ, ಸೆಳೆತವೆಲ್ಲ ಕೋಲಿನ ಉದ್ದಕ್ಕೇ ಹರಿಯುತ್ತದೆ, ಬಾಗು ಮಾಯವಾಗುತ್ತದೆ, ಎರಡು ಮೂರು ಸಾವಿರ ರೂಪಾಯಿ ಬಾಳುವ ಕೋಲು ಒಂದು ಮೊಳೆಗಿಂತ ಹೆಚ್ಚಿನದಾಗಿ ಉಳಿಯುವುದಿಲ್ಲ. ಮರುಕ್ಷಣ ದಾರ ಹರಿದಿರುತ್ತದೆ. ಜಪಾನಿನ ಗಾಳಗಾರರು ಈ ವಿಪತ್ತಿಗೆ 'ನೊಸಾರೆರು' ಎಂಬ ಪ್ರತ್ಯೇಕ ಪದವನ್ನೇ ಇಟ್ಟುಕೊಂಡಿರುವರು. ಆದುದರಿಂದಲೇ ಮೀನು ಸಿಕ್ಕಿದೊಡನೆ ಅವರು ಕೋಲನ್ನು ಎತ್ತಿ ನಿಲ್ಲಿಸುವರು. ಮೀನು ಪ್ರವಾಹದೊಡನೆ ಕೆಳಕ್ಕೆ ಓಡಿದರೆ ತಾವೂ ಕಲ್ಲುಗಳ ಮೇಲೆ ಹಾರುತ್ತ ಅದರ ಹಿಂದೆ ಓಡುವರು. ದಾರವನ್ನು ಬಿಟ್ಟುಕೊಡಲಾಗದವನು ತನ್ನ ಕಾಲನ್ನಾದರೂ ಬಿಟ್ಟುಕೊಡಬೇಕಷ್ಟೆ.

ಬಿ.ಎಸ್‌ಸಿ. ತರಗತಿಯಲ್ಲಿ ಓದಿದವರಿಗೆ ಒಂದು ಪ್ರಯೋಗ ನೆನಪಿರಬಹುದು. ಮೀಟರ್ ಪಟ್ಟಿಯ ಒಂದು ಕೊನೆಯನ್ನು ಮೇಜಿನ ಅಂಚಿಗೆ ಬಿಗಿದು, ಇನ್ನೊಂದು ಕೊನೆಗೆ ತೂಕಗಳನ್ನು ನೇತುಹಾಕಿ, ಅದು ಎಷ್ಟು ತಗ್ಗಿತೆಂದು ಅಳೆದು ಯಂಗನ ಗುಣಾಂಕವನ್ನು ಕಂಡುಹಿಡಿಯುತ್ತೇವೆ. ಪಟ್ಟಿಯ ಉದ್ದ ಎರಡರಷ್ಟಾದರೆ ತಗ್ಗು ಎಂಟರಷ್ಟಾಗುತ್ತದೆ. ಪಟ್ಟಿಯ ಬದಲು ದುಂಡನೆಯ ಕೋಲನ್ನು ತೆಗೆದುಕೊಂಡು ಅದರ ವ್ಯಾಸವನ್ನು ಅರ್ಧ ಮಾಡಿದರೆ ತಗ್ಗು ಹದಿನಾರರಷ್ಟಾಗುತ್ತದೆ. ಗಾಳದ ಕೋಲು ಬುಡದಿಂದ ತುದಿಯವರೆಗೆ ಸಣ್ಣಗಾಗುತ್ತ ಹೋಗುವುದರ ಗುಟ್ಟು ಇಲ್ಲಿದೆ. ಚಿಕ್ಕ ಮೀನು ಎಳೆದರೆ ತೆಳುವಾದ ತುದಿ ಮಾತ್ರ ಬಾಗುತ್ತದೆ. ದೊಡ್ಡದು ಎಳೆದರೆ ತುದಿಯು ಪೂರ್ತಿ ಹೊರಳಿ ದಾರದ ದಿಕ್ಕಿನಲ್ಲಿಯೇ ನಿಂತುಬಿಡುತ್ತದೆ. ಆ ಭಾಗ ಇನ್ನು ದಾರವಾಯಿತೆಂದೇ ತಿಳಿಯಬೇಕು. ಭಾರವು ಅದರ ಹಿಂದಿನ ದಪ್ಪ ಭಾಗಕ್ಕೆ ಇಳಿಯುತ್ತದೆ. ಎಳೆತ ಹೆಚ್ಚಿದಷ್ಟೂ ಬಾಗುವ ಭಾಗ ಬುಡದತ್ತ ಸರಿಯುತ್ತ, ಕೋಲು ತಾನಾಗಿಯೇ ಬಿಗಿಯಾಗುತ್ತ ಹೋಗುತ್ತದೆ. ಒಂದೇ ಕೋಲು ಹತ್ತು ಗ್ರಾಮಿನ ಮೀನಿಗೆ ಮೃದುವಾದ ಸ್ಪ್ರಿಂಗು, ಅರ್ಧ ಕಿಲೋಗ್ರಾಮಿನ ಮೀನಿಗೆ ಗಡುಸಾದ ಸ್ಪ್ರಿಂಗು!

ಇಂಥ ಕೋಲನ್ನು ಲೆಕ್ಕವಿಲ್ಲದೆ, ಕೈಯ ಅಂದಾಜಿನಿಂದಲೇ ಮಾಡಿದ ಕುಶಲಿಗಳು ಎದೊ ಪಟ್ಟಣದಲ್ಲಿದ್ದರು. ಎದೊ ಎಂದರೆ ಇಂದಿನ ಟೋಕಿಯೋ. ಅಲ್ಲಿನ ಸಿರಿವಂತ ಸಮುರಾಯಿಗಳಿಗೆ ಗಾಳ ಹಾಕುವುದು ಹಿಡಿದ ಚಟವಾಗಿತ್ತು. ತ್ಸುಗಾರು ಉನೆಮೆ ಎಂಬ ಸಮುರಾಯಿ 1723ರಲ್ಲಿ ಬರೆದ 'ಕಾಸೆನ್‌ರೊಕು' ಜಪಾನಿನ ಅತ್ಯಂತ ಹಳೆಯ ಗಾಳಶಾಸ್ತ್ರದ ಗ್ರಂಥವೆಂದು ಹೆಸರಾಗಿದೆ. ಎದೊ ಕೊಲ್ಲಿಯಲ್ಲಿ ಎಲ್ಲಿ, ಯಾವಾಗ, ಯಾವ ಕೊಕ್ಕೆಯಿಂದ, ಎಷ್ಟು ಸೀಸದ ಗುಂಡಿನಿಂದ ಮೀನು ಹಿಡಿಯಬೇಕೆಂಬುದನ್ನು ಚಿತ್ರಗಳ ಸಹಿತ ವಿವರಿಸುವ ಗ್ರಂಥವದು. ಇದರಲ್ಲಿ ಒಂದು ವಿನೋದವಿದೆ. ಉನೆಮೆಯು ತನ್ನ ಯೌವನದಲ್ಲಿ ಸೇವೆ ಮಾಡಿದ್ದು ಐದನೆಯ ಷೋಗುನ್ ತ್ಸುನಯೋಷಿಯ ಬಳಿ. ಈತ ಪ್ರಾಣಿದಯೆಯ ಕಠಿಣ ಶಾಸನಗಳಿಂದ ಪ್ರಸಿದ್ಧನಾದವನು. ನಾಯಿಗೆ ಹೊಡೆದವರಿಗೂ ಶಿಕ್ಷೆಯಾಗುತ್ತಿದ್ದ ಆ ಕಾಲದಲ್ಲಿ ವಿನೋದಕ್ಕೆಂದು ಗಾಳ ಹಾಕುವುದೂ ನಿಷಿದ್ಧವಾಗಿತ್ತು. 1709ರಲ್ಲಿ ಷೋಗುನ್ ತೀರಿಕೊಂಡ ಮೇಲೆ ಶಾಸನಗಳು ಸಡಿಲಿದವು, ಗಾಳಗಳು ಮತ್ತೆ ಹೊರಬಂದವು. 1788ರಲ್ಲಿ ತಾಯ್ಚಿಯಾ ತೋಸಾಕು ಎಂಬಾತ ಎದೊದಲ್ಲಿ ಕೋಲುಗಳ ಅಂಗಡಿ ತೆರೆದ. ತುಂಡು ತುಂಡಾಗಿ ಬಿಚ್ಚಿ ಒಯ್ಯಬಹುದಾದ, ಅರಗಿನಂತೆ ಹೊಳೆಯುವ ಮರದ ಹಾಲಿನ ಲೇಪವನ್ನು ಹೊತ್ತ ಎದೊ ಕೋಲಿನ ಪರಂಪರೆಯ ಮೂಲಪುರುಷ ಅವನೆಂದು ಹೇಳುವರು.

ಕೋಲಿಗೆ ಬಿದಿರನ್ನೇ ಏಕೆ ಆರಿಸಿದರು? ಹೇರಳವಾಗಿ ಸಿಗುತ್ತದೆಂಬುದು ಅರ್ಧ ಉತ್ತರ. ಉಳಿದರ್ಧ ಅದರ ಪೊಳ್ಳಿನಲ್ಲಿದೆ. ಕೋಲು ಬಾಗಿದಾಗ ಒಂದು ಪಕ್ಕದ ಹೊರಮೈ ಹಿಗ್ಗುತ್ತದೆ, ಎದುರು ಪಕ್ಕದ್ದು ಕುಗ್ಗುತ್ತದೆ. ನಡುವಿನ ತಿರುಳು ಹೆಚ್ಚು ಕಡಮೆ ಸುಮ್ಮನಿರುತ್ತದೆ. ಗಟ್ಟಿಯಾದ ಒಂದು ದುಂಡು ಕೋಲಿನ ನಡುವಿನಿಂದ ಅರ್ಧ ವ್ಯಾಸದಷ್ಟು ತಿರುಳನ್ನು ಕೊರೆದು ತೆಗೆದರೆ ತೂಕದ ಕಾಲುಭಾಗ ಇಳಿಯುತ್ತದೆ. ಬಿಗುವಾದರೋ ಹದಿನಾರರಲ್ಲೊಂದು ಪಾಲು ಮಾತ್ರ ಕುಂದುತ್ತದೆ. ಬಿದಿರು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಗಟ್ಟಿ ನಾರುಗಳನ್ನು ಒಳಗಡೆ ವಿರಳವಾಗಿಯೂ ಹೊರಗಡೆ ದಟ್ಟವಾಗಿಯೂ ಇಟ್ಟುಕೊಂಡಿದೆ. ವಾಕಾಯಾಮ ಪ್ರಾಂತದ ಹಾಷಿಮೋಟೊ ಪಟ್ಟಣದ ಕುಶಲಿಗಳು ಇಂದಿಗೂ ಕೋಲಿನ ತುದಿಯ ತುಂಡಿಗೆ ಇಡೀ ಬಿದಿರನ್ನು ಬಳಸುವುದಿಲ್ಲ. ದಪ್ಪ ಬಿದಿರನ್ನು ಸೀಳಿ, ಆ ಸೀಳುಗಳನ್ನು ಅಂಟಿಸಿ, ಸೂಜಿಯಂತೆ ಹೆರೆದು ತೆಗೆಯುವರು. ಉಳಿದ ತುಂಡುಗಳಿಗೆ ಬಾಣ ಮಾಡುತ್ತಿದ್ದ ಸಣ್ಣ ಬಿದಿರು, ಕೋಯಾ ಬೆಟ್ಟದ ಬಿದಿರು ಮುಂತಾದುವನ್ನು ವರ್ಷಗಟ್ಟಲೆ ಒಣಗಿಸಿ, ಕೆಂಡದ ಮೇಲೆ ಕಾಯಿಸಿ ಡೊಂಕು ತಿದ್ದಿ, ಜೋಡಣೆಯ ಕಡೆ ರೇಷ್ಮೆ ನೂಲು ಸುತ್ತಿ ಬಲಪಡಿಸುವರು. ಈ ಕೋಲುಗಳಿಗೆ ಜಪಾನ್ ಸರ್ಕಾರ 2013ರಲ್ಲಿ ಸಾಂಪ್ರದಾಯಿಕ ಕರಕುಶಲ ವಸ್ತುವೆಂಬ ಮನ್ನಣೆಯನ್ನು ಕೊಟ್ಟಿದೆ.

ಹಾಷಿಮೋಟೊದ ಕೋಲುಗಳು ಹುಟ್ಟಿರುವುದು ಒಂದೇ ಮೀನಿಗಾಗಿ. ಅದರ ಹೆಸರು ಹೆರಾಬುನ. ಬಿವಾ ಸರೋವರದ ಮೂಲದ, ಗೆಂಡೆಯ ಬಂಧುವಾದ ಈ ಮೀನು ನೀರಿನಲ್ಲಿ ತೇಲುವ ಸೂಕ್ಷ್ಮಸಸ್ಯಗಳನ್ನು ಸೋಸಿ ತಿಂದು ಬದುಕುತ್ತದೆ. ಎರೆಹುಳುವನ್ನು ಗಬಕ್ಕನೆ ನುಂಗುವ ಜಾತಿಯಲ್ಲ. ಹಿಟ್ಟಿನ ಉಂಡೆಯು ನೀರಿನಲ್ಲಿ ಕರಗಿ ಹರಡುತ್ತಿರುವಾಗ ನೀರಿನೊಡನೆ ಅದನ್ನೂ ಒಳಕ್ಕೆ ಹೀರಿ, ಒಪ್ಪದಿದ್ದರೆ ಉಗುಳಿಬಿಡುತ್ತದೆ. ಈ ಎರಡರ ನಡುವಣ ಕ್ಷಣವನ್ನು ಹಿಡಿಯಬೇಕು. ಅದಕ್ಕೆ ಗಾಳಗಾರನು ನಂಬುವುದು ತನ್ನ ಬೆಂಡನ್ನು. ದಪ್ಪನಾದ ಒಡಲು, ಅದರ ಮೇಲೆ ಬಣ್ಣಬಣ್ಣದ ಪಟ್ಟೆಗಳುಳ್ಳ ಕಡ್ಡಿಯಂಥ ಕತ್ತು. ಹಿಂದೆ ನವಿಲುಗರಿಯ ದಂಟಿನಿಂದಲೂ ಇದನ್ನು ಮಾಡುತ್ತಿದ್ದರು. ಹಾಲು ಶುದ್ಧವೋ ಅಲ್ಲವೋ ಎಂದು ನೋಡುವ ಲ್ಯಾಕ್ಟೋಮೀಟರನ್ನು ಕಂಡವರಿಗೆ ಈ ಆಕಾರ ಹೊಸದಲ್ಲ. ಎರಡರ ತತ್ತ್ವವೂ ಆರ್ಕಿಮಿಡೀಸನದೇ. ಕತ್ತಿನ ವ್ಯಾಸ 1.2 ಮಿಲಿಮೀಟರ್ ಆದರೆ, ಒಂದು ಸೆಂಟಿಮೀಟರ್ ಕತ್ತು ನೀರಿನಲ್ಲಿ ಮುಳುಗಲು ಬೇಕಾದ ಹೆಚ್ಚುವರಿ ಭಾರ ಸುಮಾರು 11 ಮಿಲಿಗ್ರಾಂ, ಒಂದು ಅಕ್ಕಿಕಾಳಿನ ಅರ್ಧ. ಕತ್ತು 5 ಮಿಲಿಮೀಟರ್ ದಪ್ಪವಿದ್ದಿದ್ದರೆ ಅಷ್ಟೇ ಭಾರಕ್ಕೆ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ತಗ್ಗುತ್ತಿತ್ತು. ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ. ಉಂಡೆ ಕರಗುತ್ತ ಹೋದಂತೆ ಪಟ್ಟೆಗಳು ಒಂದೊಂದಾಗಿ ಮೇಲೇಳುತ್ತವೆ. ಅವನ್ನು ಎಣಿಸಿ, ಕಾಣದ ಕೊಕ್ಕೆಯಲ್ಲಿ ಇನ್ನೆಷ್ಟು ಹಿಟ್ಟು ಉಳಿದಿದೆಯೆಂದು ಗಾಳಗಾರ ಹೇಳಬಲ್ಲ. ಹಾಗೆ ಏಳುತ್ತಿರುವ ಕತ್ತು ಚಕ್ಕನೆ ಒಂದು ಪಟ್ಟೆ ಕುಸಿದರೆ ಮೀನು ಹೀರಿತೆಂದು ಅರ್ಥ. ಇಷ್ಟೆಲ್ಲ ಸಾಹಸದಿಂದ ಹಿಡಿದ ಹೆರಾಬುನವನ್ನು ಯಾರೂ ಮನೆಗೊಯ್ಯುವುದಿಲ್ಲ. ಮುಳ್ಳಿಲ್ಲದ ಕೊಕ್ಕೆಯಿಂದ ಮೆಲ್ಲನೆ ಬಿಡಿಸಿ ನೀರಿಗೇ ಬಿಡುವರು. ಬೆರಳಿಗಿಂತ ಚಿಕ್ಕದಾದ ತನಾಗೊ ಎಂಬ ಮೀನಿಗೆಂದು ಭೂತಗನ್ನಡಿಯ ಕೆಳಗೆ ಕೊಕ್ಕೆಯನ್ನು ಅರೆದು ಸಣ್ಣ ಮಾಡಿಕೊಳ್ಳುವವರೂ ಇರುವರು. ಅದು ಬೇರೊಂದು ಪಂಗಡ. ಅವರ ತಾಳ್ಮೆಯನ್ನು ಮೆಚ್ಚಿ ನಾವು ಮುಂದಕ್ಕೆ ಹೋಗೋಣ.

ಕೊಳದಿಂದ ಬೆಟ್ಟಕ್ಕೆ ಹತ್ತಿದರೆ ಎಲ್ಲವೂ ಬದಲಾಗುತ್ತದೆ. ಹೊನ್ಷು ದ್ವೀಪದ ನಡುವಣ ಪರ್ವತಗಳಲ್ಲಿ ಕಲ್ಲಿನಿಂದ ಕಲ್ಲಿಗೆ ಧುಮುಕುವ ತಣ್ಣನೆಯ ತೊರೆಗಳಿವೆ. ಅವುಗಳಲ್ಲಿ ಇವಾನ, ಯಮಾಮೆ, ಅಮಾಗೊ ಎಂಬ ಮೀನುಗಳಿವೆ. ಅಲ್ಲಿನ ಪದ್ಧತಿಗೆ ತೆಂಕರ ಎಂದು ಹೆಸರು. ಮೀನನ್ನು ಹಿಡಿದು ಬೆಟ್ಟದ ವಸತಿಗೃಹಗಳಿಗೆ ಮಾರಿ ಜೀವಿಸುತ್ತಿದ್ದವರ ಕಸುಬು ಇದು. ಕೊಕ್ಕೆಗೆ ದಾರವನ್ನೂ ಹಕ್ಕಿಯ ಗರಿಯನ್ನೂ ಸುತ್ತಿ ಹುಳುವಿನಂತೆ ತೋರುವ ಹಾಗೆ ಮಾಡುವರು. ಗರಿಯ ಎಳೆಗಳು ಮುಂದಕ್ಕೆ, ಕೊಕ್ಕೆಯ ಕಣ್ಣಿನ ಕಡೆಗೆ ಚಾಚಿಕೊಂಡಿರುವುದು ಇದರ ವಿಶೇಷ. ಪ್ರವಾಹದಲ್ಲಿ ಅವು ಮುಚ್ಚಿ ತೆರೆಯುತ್ತ ಜೀವವಿದ್ದಂತೆ ಕಾಣುತ್ತವೆ.

ಈ ಗರಿಹುಳುವಿಗೆ ಇದೆಯೆನ್ನುವಷ್ಟು ತೂಕವಿಲ್ಲ. ಅದನ್ನು ಏಳು ಮೀಟರ್ ದೂರಕ್ಕೆ ಎಸೆಯುವುದೆಂತು? ಕಲ್ಲನ್ನು ಎಸೆಯಬಹುದು, ಹತ್ತಿಯ ಎಳೆಯನ್ನು ಎಸೆಯಲಾಗದು. ಆದುದರಿಂದ ತೆಂಕರದಲ್ಲಿ ಎಸೆಯುವುದು ಹುಳುವನ್ನಲ್ಲ, ದಾರವನ್ನು. ಹಿಂದೆ ಕುದುರೆಯ ಬಾಲದ ಕೂದಲನ್ನು ಹೊಸೆದು ದಾರ ಮಾಡುತ್ತಿದ್ದರು. ಕೋಲಿನ ಕಡೆ ಹೆಚ್ಚು ಎಳೆ, ಮುಂದೆ ಮುಂದೆ ಕಡಮೆ ಎಳೆ. ಕೋಲನ್ನು ಬೀಸಿ ಥಟ್ಟನೆ ನಿಲ್ಲಿಸಿದಾಗ ದಾರದಲ್ಲೊಂದು ಮಡಿಕೆ ಹುಟ್ಟಿ ತುದಿಯತ್ತ ಉರುಳುತ್ತದೆ. ಮಡಿಕೆ ಮುಂದುವರಿದಂತೆ ಚಲಿಸುವ ಭಾಗದ ತೂಕ ಕಡಮೆಯಾಗುತ್ತದೆ. ಶಕ್ತಿ ಮಾತ್ರ ಬಹುಮಟ್ಟಿಗೆ ಉಳಿದಿರುವುದರಿಂದ ವೇಗ ಹೆಚ್ಚಬೇಕು. ಚಾಟಿಯ ತುದಿಯು ಶಬ್ದದ ವೇಗವನ್ನೂ ಮೀರಿ ಛಟೀರೆನ್ನುವುದು ಇದೇ ಕಾರಣದಿಂದ. ತೆಂಕರದ ದಾರ ಅಷ್ಟು ಉಗ್ರವಲ್ಲ. ಗಾಳಿಯ ಅಡ್ಡಿಯನ್ನು ಗೆದ್ದು ಹುಳುವನ್ನು ನೀರಿನ ಮೇಲೆ ಇಳಿಸುವಷ್ಟು ವೇಗವಿದ್ದರೆ ಅದಕ್ಕೆ ಸಾಕು. ಈಗ ಕುದುರೆಗೂದಲಿನ ಬದಲು ಫ್ಲೂರೋಕಾರ್ಬನ್ ಎಳೆಯನ್ನು ಬಳಸುವವರೇ ಹೆಚ್ಚು. ನೈಲಾನಿನ ಸಾಂದ್ರತೆ 1.14, ಇದರದು 1.78. ಗಾಳಿಯ ತಡೆ ದಾರದ ದಪ್ಪವನ್ನು ಅವಲಂಬಿಸಿದೆ. ಅಷ್ಟೇ ತೂಕವನ್ನು ಕಡಮೆ ದಪ್ಪದಲ್ಲಿ ಅಡಗಿಸಿದ ದಾರ ಗಾಳಿಯನ್ನು ಸುಲಭವಾಗಿ ಸೀಳುತ್ತದೆ.

ಹುಳು ನೀರಿಗಿಳಿದ ಮೇಲೆ ಗಿಡ್ಡ ದಾರದ ಗುಣ ಗೊತ್ತಾಗುತ್ತದೆ. ಬೆಟ್ಟದ ತೊರೆಯಲ್ಲಿ ಒಂದು ಮಾರಿನ ಅಗಲದಲ್ಲಿಯೇ ನೀರು ನಾಲ್ಕು ಬಗೆಯಾಗಿ ಹರಿಯುತ್ತದೆ. ನಡುವೆ ರಭಸ, ಕಲ್ಲಿನ ಮರೆಯಲ್ಲಿ ನಿಶ್ಚಲ, ಪಕ್ಕದಲ್ಲಿ ಹಿಮ್ಮುಖ. ಮೀನು ಇರುವುದು ಮರೆಯಲ್ಲಿ. ದಾರವು ನಡುವಿನ ರಭಸದ ಮೇಲೆ ಬಿದ್ದರೆ ಅದನ್ನು ನೀರು ಸೆಳೆದೊಯ್ಯುತ್ತದೆ. ಮರೆಯಲ್ಲಿರುವ ಹುಳು ಇದ್ದಕ್ಕಿದ್ದಂತೆ ಪಕ್ಕಕ್ಕೆ ಓಡತೊಡಗುತ್ತದೆ. ನಿಜವಾದ ಹುಳು ಹಾಗೆ ಓಡದೆಂಬುದು ಮೀನಿಗೆ ಗೊತ್ತು. ನಾಲ್ಕು ಮೀಟರಿಗೆ ಸಮೀಪದ ಕೋಲನ್ನು ಎತ್ತಿ ಹಿಡಿದು, ದಾರವನ್ನೆಲ್ಲ ಗಾಳಿಯಲ್ಲಿ ತೂಗಿ, ಹುಳುವನ್ನು ಮಾತ್ರ ನೀರಿಗೆ ಮುಟ್ಟಿಸಿದರೆ ಈ ತೊಂದರೆಯೇ ಇಲ್ಲ. ರಾಟೆಯ ಉದ್ದನೆಯ, ಭಾರವಾದ ದಾರದಿಂದ ಇದನ್ನು ಸಾಧಿಸುವುದು ಬಹಳ ಕಷ್ಟ. ನಮ್ಮ ಮಟ್ಟಿಗೆ ಹೇಳುವುದಾದರೆ, ತೆಂಕರದವರು ರಾಟೆಯನ್ನು ಬಯಸದಿರಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. 2009ರಿಂದೀಚೆಗೆ ಅಮೆರಿಕದಲ್ಲಿಯೂ ಈ ಪದ್ಧತಿ ಹಬ್ಬಿರುವುದು ಆಶ್ಚರ್ಯವಲ್ಲ.

ಆದರೆ ಏಳೆಂಟು ಮೀಟರಿಗಿಂತ ದೂರ ನಿಲಲಾಗದವನು ಮೀನಿನ ಕಣ್ಣಿಗೆ ಬೀಳದೆ ಇರಬೇಕಲ್ಲ! ಇಲ್ಲಿ ಬೆಳಕಿನ ವಕ್ರೀಭವನವು ಅವನ ಸಹಾಯಕ್ಕೆ ಬರುತ್ತದೆ. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಜಗತ್ತೆಲ್ಲ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ದಿಗಂತದ ಬಳಿಯ ವಸ್ತುಗಳು ಈ ಕಿಟಕಿಯ ಅಂಚಿನಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತವೆ. ಲೆಕ್ಕ ಹಾಕಿದರೆ, ನೀರಿನ ಮಟ್ಟದಿಂದ ಮೇಲಕ್ಕೆ 10 ಡಿಗ್ರಿಯವರೆಗಿನ ದೃಶ್ಯವೆಲ್ಲ ಮೀನಿನ ಕಣ್ಣಿಗೆ ಒಂದೇ ಡಿಗ್ರಿಯೊಳಗೆ ಅಪ್ಪಚ್ಚಿಯಾಗುತ್ತದೆ. ಜೊತೆಗೆ ಅಂಥ ಓರೆಯ ಬೆಳಕಿನಲ್ಲಿ ಬಹುಪಾಲು ನೀರಿನ ಮೇಲ್ಮೈಯಿಂದಲೇ ಹಿಂದಿರುಗುತ್ತದೆ ಅಥವಾ ಅಲೆಗಳಲ್ಲಿ ಚದರಿಹೋಗುತ್ತದೆ. ಏಳು ಮೀಟರ್ ದೂರದಲ್ಲಿ 10 ಡಿಗ್ರಿಯೆಂದರೆ ಸುಮಾರು 1.2 ಮೀಟರ್ ಎತ್ತರ. ಬಗ್ಗಿ ಕುಳಿತವನು ಮರೆಯಾಗುತ್ತಾನೆ. ನೆಟ್ಟಗೆ ನಿಂತವನ ತಲೆ ಕಿಟಕಿಯೊಳಕ್ಕೆ ಬರುತ್ತದೆ. ಬೆಟ್ಟದ ಕಸುಬುದಾರರು ಈ ಸೂತ್ರವನ್ನು ಕಲಿತವರಲ್ಲ. ಆದರೂ ಮೊಳಕಾಲೂರಿ, ಮೀನು ಮುಖ ಮಾಡಿರುವ ದಿಕ್ಕಿಗೆ ವಿರುದ್ಧವಾಗಿ ಹೊಳೆಯ ಕೆಳಗಿನಿಂದಲೇ ಸಮೀಪಿಸುತ್ತಿದ್ದರು.

ಇನ್ನು ಅಯು. ನಮ್ಮ ಆಯುಸ್ಸಿಗೂ ಈ ಜಪಾನೀ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಈ ಮೀನಿನ ಆಯುಸ್ಸು ಸಾಮಾನ್ಯವಾಗಿ ಒಂದೇ ವರ್ಷ. ಅದನ್ನು 'ವರ್ಷದ ಮೀನು' ಎಂಬರ್ಥದ ಅಕ್ಷರಗಳಿಂದಲೂ ಬರೆಯುವರು. ಶರತ್ಕಾಲದಲ್ಲಿ ನದಿಯಲ್ಲಿ ಹುಟ್ಟಿ, ಚಳಿಗಾಲವನ್ನು ಸಮುದ್ರದಲ್ಲಿ ಕಳೆದು, ವಸಂತದಲ್ಲಿ ನದಿಯೇರಿ, ಬೇಸಗೆಯಲ್ಲಿ ಕಲ್ಲಿನ ಮೇಲಣ ಪಾಚಿಯನ್ನು ಹೆರೆದು ತಿಂದು ಬೆಳೆದು, ಮೊಟ್ಟೆಯಿಟ್ಟು ಸಾಯುತ್ತದೆ. ಪಾಚಿ ತಿನ್ನುವ ಮೀನು ಎರೆಗೆ ಮರುಳಾಗದು. ಆದರೆ ಅದು ಸುಮಾರು ಒಂದು ಚದರ ಮೀಟರಿನಷ್ಟು ಪಾಚಿಗಲ್ಲನ್ನು ತನ್ನ ಹೊಲವೆಂದು ಕಾಯುತ್ತದೆ. ಬೇರೊಂದು ಅಯು ಅಲ್ಲಿಗೆ ಬಂದರೆ ನುಗ್ಗಿ ಗುದ್ದುತ್ತದೆ. ಗಾಳಗಾರನು ಬಳಸಿಕೊಳ್ಳುವುದು ಅದರ ಹಸಿವನ್ನಲ್ಲ, ಅದರ ಕೋಪವನ್ನು. ಜೀವಂತ ಅಯುವೊಂದರ ಮೂಗಿಗೆ ಉಂಗುರ ಹಾಕಿ, ಬಾಲದ ಹಿಂದೆ ಕೊಕ್ಕೆಗಳನ್ನು ಇಳಿಬಿಟ್ಟು ಆ ಹೊಲಕ್ಕೆ ನಡೆಸುವನು. ಗುದ್ದಲು ಬಂದ ಒಡೆಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಅದೇ ಮೀನು ಮುಂದಿನ ಸರದಿಯ ಬಲಿಪಶು.

ಹೊಳೆಯ ಆಚೆಯ ಕಲ್ಲಿಗೂ ಮೀನನ್ನು ನಡೆಸಬೇಕು, ರಾಟೆಯಿಲ್ಲ. ಹಾಗಾಗಿ ಕೋಲು ಬೆಳೆಯುತ್ತ ಹೋಯಿತು. ಈಗಿನ ಅಯು ಕೋಲು ಸುಮಾರು 9 ಮೀಟರ್, ಮೂರು ಅಂತಸ್ತಿನ ಮನೆಯಷ್ಟು ಉದ್ದ. ಬಿದಿರಿನಲ್ಲಿ ಇದು ಕೈಗೂಡುತ್ತಿರಲಿಲ್ಲ. ಕೋಲಿನ ತೂಕ 250 ಗ್ರಾಮೆಂದೂ ಅದರ ಗುರುತ್ವಕೇಂದ್ರ ಬುಡದಿಂದ 3 ಮೀಟರ್ ದೂರದಲ್ಲಿದೆಯೆಂದೂ ಇಟ್ಟುಕೊಳ್ಳಿ. ತುದಿಯಲ್ಲಿ ಮೀನು 100 ಗ್ರಾಂ ಬಲದಿಂದ ಎಳೆಯುತ್ತಿರಲಿ. ಬುಡವನ್ನು ಹೊಟ್ಟೆಗೆ ಆನಿಸಿ, ಅರ್ಧ ಮೀಟರ್ ಮುಂದೆ ಕೈಯಿಂದ ಎತ್ತಿ ಹಿಡಿಯುವವನ ಮೇಲೆ ಬೀಳುವ ಭಾರ 3 ಕಿಲೋಗ್ರಾಮಿಗೂ ಹೆಚ್ಚು. ಸನ್ನೆಯ ನಿಯಮಕ್ಕೆ ಕರುಣೆಯಿಲ್ಲ. ಕೋಲಿನ ತೂಕ ನಾಲ್ಕು ಪಾಲಾದರೆ ಈ ಭಾರ ಎಂಟು ಕಿಲೋಗ್ರಾಮಿನತ್ತ ಏರುತ್ತದೆ. ಅದನ್ನು ದಿನವಿಡೀ ಹೊರಬಲ್ಲ ತೋಳು ಯಾರದು?

ಈ ಕಷ್ಟವನ್ನು ನೀಗಿದ್ದು ಇಂಗಾಲದ ನಾರು. ಓಸಾಕ ನಗರದ ಸರ್ಕಾರಿ ಸಂಶೋಧನಾಲಯದಲ್ಲಿ ಅಕಿಯೊ ಷಿಂಡೊ 1959ರ ಸುಮಾರಿಗೆ ಒಂದು ಬಗೆಯ ಕೃತಕ ನೂಲನ್ನು ಸುಟ್ಟು ಬಲವಾದ ಇಂಗಾಲದ ನಾರನ್ನಾಗಿ ಮಾಡುವ ದಾರಿಯನ್ನು ಕಂಡುಕೊಂಡರು. ಉಕ್ಕಿನ ಕಾಲುಭಾಗಕ್ಕೂ ಕಡಮೆ ಸಾಂದ್ರತೆ, ಬಿಗುವಿನಲ್ಲಿ ಉಕ್ಕಿಗೆ ಸಾಟಿ. ವಿಮಾನಗಳಿಗೆಂದು ಹಾತೊರೆದಿದ್ದ ಈ ವಸ್ತು ಜನಸಾಮಾನ್ಯರ ಕೈಗೆ ಮೊದಮೊದಲು ಬಂದದ್ದು 1972ರಲ್ಲಿ, ಅಯು ಗಾಳದ ಕೋಲಾಗಿ! ಗಾಲ್ಫ್ ಆಟದ ಕೋಲು, ಟೆನಿಸ್ ಬ್ಯಾಟು, ದೊಡ್ಡ ವಿಮಾನದ ರೆಕ್ಕೆ ಎಲ್ಲ ಅದರ ಅನಂತರದವು. ಹೊಸ ಕೋಲು ಬಿದಿರಿನ ವಿದ್ಯೆಯನ್ನೇ ಅನುಸರಿಸಿತು: ಒಳಗೆ ಪೊಳ್ಳು, ಹೊರಗೆ ನಾರು, ಬುಡದಿಂದ ತುದಿಗೆ ಸಣ್ಣ.

ಆದರೆ ಒಂದು ವಿಷಯದಲ್ಲಿ ಅದು ಬಿದಿರಿನಂತಲ್ಲ. ಒಣಗಿದ ಬಿದಿರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು; ಇಂಗಾಲವಾದರೋ ಒಳ್ಳೆಯ ವಾಹಕ. ಒಂಬತ್ತು ಮೀಟರ್ ಉದ್ದದ ವಾಹಕವನ್ನು ಎತ್ತಿ ಹಿಡಿದು, ಒದ್ದೆ ಕಾಲಿನಿಂದ ಹೊಳೆಯ ನಡುವೆ ನಿಂತವನ ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಹೆಚ್ಚಿನ ಒತ್ತಡದ ತಂತಿಯಾದರೆ ಕೋಲು ಅದನ್ನು ಮುಟ್ಟಬೇಕೆಂದೂ ಇಲ್ಲ. ಹತ್ತಿರ ಬಂದರೆ ಕಿಡಿ ತಾನೇ ನೆಗೆಯುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿರುವರು. ಈಗ ಕೋಲಿನ ಬುಡದಲ್ಲಿ, ತಯಾರಕರ ಹೆಸರಿನ ಪಕ್ಕದಲ್ಲಿಯೇ, ತಂತಿಯ ಬಳಿಯೂ ಗುಡುಗಿನ ವೇಳೆಯಲ್ಲಿಯೂ ಬಳಸಬಾರದೆಂಬ ಎಚ್ಚರಿಕೆಯನ್ನು ಅಂಟಿಸಿರುತ್ತಾರೆ. ಸಿಡಿಲಿನ ಸದ್ದು ದೂರದಲ್ಲಿ ಕೇಳಿದೊಡನೆ ಅನುಭವಿಗಳಾದ ಅಯು ಗಾಳಗಾರರು ಕೋಲನ್ನು ಒಂದರೊಳಗೊಂದು ಮಡಿಸಿ, ನೆಲದ ಮೇಲೆ ಮಲಗಿಸಿ, ದಡವೇರಿ ದೂರ ಹೋಗಿ ಕುಳಿತುಕೊಳ್ಳುವರು.